ಕರಿ ಕಂಬಳಿಯ ಕರಿ ಎಲ್ಲಿಂದ ಬಂತು? ಕೈನೂಲಿನ ಬಣ್ಣದ ಲೆಕ್ಕ, ಕೂಲಿಯ ಲೆಕ್ಕ

ಚಳ್ಳಕೆರೆ: ಚಳಿ ಶುರುವಾಯಿತು ಅಂದರೆ ಅಂಗಡಿಗಳ ಮುಂದೆ ಕಂಬಳಿ ನೇತಾಡೋಕೆ ಶುರು. ಒಂದರ ಪಕ್ಕ ಒಂದು, ಎರಡೂ ಕರಿ ಕಂಬಳಿ, ಎರಡೂ ಹೆಚ್ಚುಕಡಿಮೆ ಒಂದೇ ಅಳತೆ. ಆದರೆ ರೇಟಿನಲ್ಲಿ ಅಜಗಜಾಂತರ. ಗಿರಾಕಿ ಕೇಳ್ತಾರೆ, "ಇದ್ಯಾಕೆ ಇಷ್ಟು ಜಾಸ್ತಿ?" ಅಂಗಡಿಯವರು "ಇದು ಕೈನೂಲು" ಅಂತಾರೆ. ಮಾತು ಅಲ್ಲಿಗೆ ನಿಲ್ಲುತ್ತೆ. ಕೈನೂಲು ಅಂದರೆ ಏನು, ಅದರ ಬಣ್ಣ ಎಲ್ಲಿಂದ ಬರುತ್ತೆ, ಆ ಬಣ್ಣಕ್ಕೆ ಯಾರು ದುಡಿದಿರುತ್ತಾರೆ ಅನ್ನೋದನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ.

ನಮ್ಮ ಜಿಲ್ಲೆಗೆ ಈ ವಿಷಯ ದೂರದ್ದಲ್ಲ. ಚಳ್ಳಕೆರೆ ಕಂಬಳಿ ಅಂದರೆ ರಾಜ್ಯದಲ್ಲೆಲ್ಲಾ ಗೊತ್ತು. ಚಿತ್ರದುರ್ಗದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಹಂಜಿ ಘಟಕವೇ ಇದೆ. ಹಾಗಾಗಿ ಬಣ್ಣದ ನೂಲು ರಾಟೆಯಲ್ಲಿ ಹೇಗೆ ತಯಾರಾಗುತ್ತೆ ಅನ್ನೋದನ್ನು ಮೊದಲಿಂದ ಕೊನೆವರೆಗೆ ಇಲ್ಲಿ ಬಿಡಿಸಿ ಹೇಳಿದ್ದೇವೆ.

ಬಣ್ಣಕ್ಕೆ ಮೂರು ಬಾಗಿಲು

ಒಂದು ಬಟ್ಟೆಗೆ ಬಣ್ಣ ಮೂರು ಹಂತದಲ್ಲಿ ಬರಬಹುದು.

ಮೊದಲನೆಯದು, ನೂಲುವ ಮುಂಚೆ. ಉಣ್ಣೆ ಅಥವಾ ಹತ್ತಿ ಇನ್ನೂ ಎಳೆಯಾಗಿರುವಾಗಲೇ ಅದರಲ್ಲಿ ಬಣ್ಣ ಇರುತ್ತೆ. ಅದು ಹುಟ್ಟಿನಿಂದ ಬಂದ ಬಣ್ಣ ಇರಬಹುದು, ಹಾಕಿದ ಬಣ್ಣ ಇರಬಹುದು. ಬಣ್ಣದ ಎಳೆಯನ್ನೇ ರಾಟೆಗೆ ಕೊಟ್ಟರೆ ಕದಿರಿನಿಂದ ಬಣ್ಣದ ನೂಲೇ ಬರುತ್ತೆ.

ಎರಡನೆಯದು, ನೂತ ಮೇಲೆ. ಬಿಳಿ ನೂಲನ್ನು ಲಡಿ ಸುತ್ತಿ, ಲಡಿಯನ್ನೇ ಬಣ್ಣದ ಹಂಡೆಯಲ್ಲಿ ಅದ್ದೋದು. ಖಾದಿ ಮತ್ತು ಕೈಮಗ್ಗದಲ್ಲಿ ಗೆರೆ, ಚೌಕಳಿ, ಬಣ್ಣದ ಅಂಚು ಇರುವ ಬಟ್ಟೆ ಸಾಮಾನ್ಯವಾಗಿ ಬರೋದು ಹೀಗೆ.

ಮೂರನೆಯದು, ನೇಯ್ದ ಮೇಲೆ. ಪೂರ್ತಿ ಬಿಳಿ ಬಟ್ಟೆ ನೇಯ್ದು, ಆಮೇಲೆ ಥಾನನ್ನೇ ಬಣ್ಣಕ್ಕೆ ಹಾಕೋದು. ಇದಕ್ಕೆ ಒಳ್ಳೆ ಉದಾಹರಣೆ ನಮ್ಮ ರಾಷ್ಟ್ರಧ್ವಜ. ಹುಬ್ಬಳ್ಳಿ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಶುರುವಾದದ್ದು. ಧ್ವಜದ ಖಾದಿ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಕಡೆಯಿಂದ ಬರುತ್ತೆ. ಆಮೇಲೆ ಕೇಸರಿಗೆ ಬೇರೆ, ಹಸಿರಿಗೆ ಬೇರೆ ಬಣ್ಣ ಹಾಕಿ, ನಡುವಿನ ಬಿಳಿಯ ಮೇಲೆ ಚಕ್ರ ಅಚ್ಚು ಹಾಕಿ ಹೊಲಿಯುತ್ತಾರೆ. ಎಲ್ಲಾ ಧ್ವಜಕ್ಕೂ ಒಂದೇ ಕೇಸರಿ ಬರಬೇಕು ಅಂದರೆ ಬಟ್ಟೆಗೆ ಒಟ್ಟಿಗೆ ಬಣ್ಣ ಹಾಕೋದೇ ಸರಿಯಾದ ದಾರಿ.

ಮೂರರಲ್ಲಿ ಯಾವುದೂ ಕಳಪೆ ಅಲ್ಲ. ಆದರೆ ಮೊದಲನೇ ಬಾಗಿಲಿನಿಂದ ಬಂದ ಬಣ್ಣಕ್ಕೆ ಕೈಕೆಲಸ ಜಾಸ್ತಿ. ಚಳ್ಳಕೆರೆಯ ಅಸಲಿ ಕರಿ ಕಂಬಳಿ ಆ ಬಾಗಿಲಿನದು.

ಕುರಿಯೇ ಕೊಟ್ಟ ಬಣ್ಣ

ಅಸಲಿ ಕರಿ ಕಂಬಳಿಗೆ ಬಣ್ಣ ಹಾಕೋದೇ ಇಲ್ಲ. ಕರಿ ಕುರಿಯ ತುಪ್ಪಟ ಕರಿಯಾಗೇ ಇರುತ್ತೆ, ಅಷ್ಟೆ. ನಮ್ಮ ಕಡೆಯ ಬಳ್ಳಾರಿ ತಳಿ ಕುರಿಯಲ್ಲಿ ಪೂರ್ತಿ ಬಿಳಿ, ಪೂರ್ತಿ ಕರಿ, ಎರಡೂ ಸೇರಿದ ಮಚ್ಚೆಯವು ಎಲ್ಲಾ ಸಿಗುತ್ತವೆ. ಉತ್ತರ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಕಡೆ ದಖ್ಖನಿ ತಳಿ ಇದೆ. ಎರಡರ ಉಣ್ಣೆಯೂ ಒರಟು. ಸ್ವೆಟರಿಗೆ ಆಗಿಬರಲ್ಲ, ಕಂಬಳಿಗೆ ಹೇಳಿ ಮಾಡಿಸಿದ ಹಾಗಿರುತ್ತೆ.

ಕರಿ ಅಂದರೂ ಒಂದೇ ಕರಿ ಅಲ್ಲ. ಮರಿಯ ಮೊದಲನೇ ಕತ್ತರಿಯ ಉಣ್ಣೆ ಮೆತ್ತಗೆ, ಗಾಢ ಕಪ್ಪು. ಕುರಿಗೆ ವಯಸ್ಸಾದ ಹಾಗೆ ಕಪ್ಪು ತೆಳುವಾಗುತ್ತೆ. ವರ್ಷವೆಲ್ಲಾ ಬಿಸಿಲಲ್ಲಿ ಮೇಯುವ ಕುರಿಯ ಬೆನ್ನಿನ ಉಣ್ಣೆಯ ತುದಿ ಬಿಸಿಲು ತಿಂದು ಕೆಂಚಾಗಿರುತ್ತೆ. ಹೊಟ್ಟೆಯ ಕೆಳಗಿನದು ಇನ್ನೊಂದು ತರ. ಹಾಗಾಗಿ ಒಂದು ಹಿಂಡಿನ ಉಣ್ಣೆಯಲ್ಲೇ ಕರಿ, ಕೆಂಚು, ಬೂದು, ಬಿಳಿ ಅಂತ ನಾಲ್ಕೈದು ಬಣ್ಣ ಸಿಗುತ್ತೆ.

ಇದನ್ನು ಬೇರೆಬೇರೆ ಮಾಡೋದೇ ಮೊದಲ ಕೆಲಸ. ಕತ್ತರಿಸಿದ ಉಣ್ಣೆಯನ್ನು ಹರವಿಕೊಂಡು ಕೈಯಲ್ಲೇ ಆರಿಸಬೇಕು. ಮುಳ್ಳು, ಹುಲ್ಲು, ಹಿಕ್ಕೆ ತೆಗೆಯಬೇಕು. ಬಣ್ಣ ನೋಡಿ ಗುಡ್ಡೆ ಮಾಡಬೇಕು. ಗಾಢ ಕರಿಯ ಗುಡ್ಡೆಯಲ್ಲಿ ನಾಲ್ಕು ಬಿಳಿ ಎಳೆ ಉಳಿದರೂ ನೂಲಲ್ಲಿ ಎದ್ದು ಕಾಣುತ್ತೆ. ಈ ಕೆಲಸಕ್ಕೆ ಯಂತ್ರ ಇಲ್ಲ. ಕಣ್ಣು, ಬೆರಳು, ಹಗಲು ಬೆಳಕು ಬೇಕು. ಬಹುತೇಕ ಹೆಂಗಸರೇ ಇದನ್ನು ಮಾಡೋದು.

ಹತ್ತಿಯಲ್ಲೂ ಹುಟ್ಟುಬಣ್ಣ ಇದೆ ಅನ್ನೋದು ಸುಮಾರು ಜನಕ್ಕೆ ಗೊತ್ತಿಲ್ಲ. ಗಿಡದಲ್ಲೇ ಕಂದು ಬಣ್ಣದ ಹತ್ತಿ ಬಿಡುವ ತಳಿಗಳ ಮೇಲೆ ಧಾರವಾಡ ಕೃಷಿ ವಿಶ್ವವಿದ್ಯಾಲಯ ಕೆಲಸ ಮಾಡಿದೆ. ಅಂಥ ಹತ್ತಿಯ ಬಟ್ಟೆಗೂ ಬಣ್ಣದ ಹಂಡೆ ಬೇಕಾಗಲ್ಲ.

ಹಿಂಜೋದು, ಹಂಜಿ ಮಾಡೋದು

ಆರಿಸಿದ ಉಣ್ಣೆ ಗಂಟುಗಂಟಾಗಿರುತ್ತೆ. ಅದನ್ನು ಹಿಂಜಿ ಅರಳಿಸಬೇಕು. ಹಿಂದೆ ಬಿಲ್ಲಿನಲ್ಲಿ ಹಿಂಜುತ್ತಿದ್ದರು. ಬಿಲ್ಲಿನ ನರ ಬಡಿದಾಗ ಉಣ್ಣೆ ಹಾರಿ ಬಿಡಿಬಿಡಿಯಾಗುತ್ತೆ. ಈಗ ಹಲವು ಕಡೆ ಹಿಂಜುವ ಯಂತ್ರ ಬಂದಿದೆ. ಅರಳಿದ ಉಣ್ಣೆಯನ್ನು ಬೆರಳು ಗಾತ್ರಕ್ಕೆ ಉರುಟಾಗಿ ಸುತ್ತಿದರೆ ಅದೇ ಹಂಜಿ. ರಾಟೆಯ ಮುಂದೆ ಕೂರುವವರ ಎಡಗೈಯಲ್ಲಿ ಇರೋದು ಇದೇ.

ಬಣ್ಣದ ಆಟ ನಡೆಯೋದು ಈ ಹಂತದಲ್ಲೇ. ಎರಡು ಪಾಲು ಕರಿ ಉಣ್ಣೆಗೆ ಒಂದು ಪಾಲು ಬಿಳಿ ಸೇರಿಸಿ ಹಿಂಜಿದರೆ ಗಟ್ಟಿ ಬೂದು ಬರುತ್ತೆ. ಪಾಲು ಅದಲುಬದಲು ಮಾಡಿದರೆ ತಿಳಿ ಬೂದು. ಕೆಂಚು ಸೇರಿಸಿದರೆ ಮಣ್ಣಿನ ಬಣ್ಣ. ಚೆನ್ನಾಗಿ ಎರಡು ಮೂರು ಸಲ ಹಿಂಜಿದರೆ ಬಣ್ಣ ಒಂದೇ ಸಮ ಆಗುತ್ತೆ. ಒಂದೇ ಸಲ ಹಿಂಜಿ ಬಿಟ್ಟರೆ ನೂಲಲ್ಲಿ ಕರಿ ಬಿಳಿ ಬಿಡಿಬಿಡಿಯಾಗಿ ಕಾಣುತ್ತೆ. ಬೇಕಂತಲೇ ಹಾಗೆ ಮಾಡುವವರೂ ಇದ್ದಾರೆ. ಹಂಡೆಯಲ್ಲಿ ಅದ್ದಿದ ನೂಲಿಗೆ ಈ ಒಳಮಿಶ್ರಣ ಬರಲ್ಲ. ಯಾಕಂದರೆ ಅಲ್ಲಿ ಎಲ್ಲಾ ಎಳೆಗೂ ಒಂದೇ ಬಣ್ಣ ಕೂರುತ್ತೆ.

ರಾಟೆ ಏನು ಮಾಡುತ್ತೆ?

ರಾಟೆ ನೋಡೋಕೆ ಸರಳ. ಒಂದು ದೊಡ್ಡ ಚಕ್ರ, ಒಂದು ತೆಳ್ಳಗಿನ ಕದಿರು, ಎರಡನ್ನೂ ಸೇರಿಸುವ ದಾರ. ಲೆಕ್ಕಕ್ಕೆ ಅಂತ ಹಿಡಿಯೋಣ: ಚಕ್ರದ ಅಡ್ಡಳತೆ 60 ಸೆಂಟಿಮೀಟರ್, ಕದಿರಿನಲ್ಲಿ ದಾರ ಕೂರುವ ಜಾಗದ ಅಡ್ಡಳತೆ 1 ಸೆಂಟಿಮೀಟರ್. ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ಕದಿರು ಸುಮಾರು 60 ಸುತ್ತು ತಿರುಗುತ್ತೆ. ಬಲಗೈ ನಿಧಾನವಾಗಿ ತಿರುಗಿಸಿದರೂ ಕದಿರು ಗಿರಗಿರ ಅನ್ನೋದು ಇದಕ್ಕೇ.

ಬಿಡಿ ಎಳೆಗೆ ಬಲ ಬರೋದು ಹುರಿಯಿಂದ. ಎಳೆಗಳನ್ನು ಸ್ವಲ್ಪ ಸ್ವಲ್ಪ ಎಳೆದು ತೆಳು ಮಾಡ್ತಾ ತಿರುಚಿದರೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹಂಜಿ ಹಿಡಿದ ಎಡಗೈ ಕದಿರಿನ ತುದಿಯಿಂದ ಓರೆಯಾಗಿ ಹಿಂದಕ್ಕೆ ಹೋಗುತ್ತೆ. ಓರೆ ಇರೋದರಿಂದ ಕದಿರಿನ ಪ್ರತಿ ಸುತ್ತಿಗೂ ನೂಲು ತುದಿಯಿಂದ ಜಾರಿ ಒಂದೊಂದು ಹುರಿ ಏರುತ್ತೆ. ತೋಳು ಚಾಚುವಷ್ಟು ಉದ್ದ ಆದ ಮೇಲೆ ಚಕ್ರವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ನೂಲನ್ನು ಕದಿರಿಗೆ ಅಡ್ಡವಾಗಿ ಹಿಡಿದರೆ ಈಗ ಹುರಿ ಏರಲ್ಲ, ಕದಿರಿಗೆ ಸುತ್ತಿಕೊಳ್ಳುತ್ತೆ. ಓರೆ ಹಿಡಿದರೆ ಹುರಿ, ಅಡ್ಡ ಹಿಡಿದರೆ ಸುತ್ತು. ಇಡೀ ವಿದ್ಯೆ ಇಷ್ಟೇ. ಆದರೆ ಎರಡು ಕೈ ಒಂದಕ್ಕೊಂದು ಹೊಂದಿಕೊಳ್ಳೋಕೆ ತಿಂಗಳುಗಟ್ಟಲೆ ಬೇಕು. ಎಡಗೈ ಅವಸರ ಮಾಡಿದರೆ ನೂಲು ಕಡಿಯುತ್ತೆ, ಬಲಗೈ ಅವಸರ ಮಾಡಿದರೆ ಹುರಿ ಜಾಸ್ತಿಯಾಗಿ ನೂಲು ಗಂಟು ಬೀಳುತ್ತೆ.

ಮಗ್ಗದಲ್ಲಿ ಹಾಸಿಗೆ ಹುರಿ ಜಾಸ್ತಿ ಇರುವ ಗಟ್ಟಿ ನೂಲು ಬೇಕು, ಹೊಕ್ಕಿಗೆ ಸ್ವಲ್ಪ ಸಡಿಲ ಇದ್ದರೂ ನಡೆಯುತ್ತೆ. ಹಾಸನ್ನು ಬೀದಿ ಉದ್ದಕ್ಕೆ ಚಾಚಿ ಹುಣಸೆ ಬೀಜದ ಸರಿ ಬಳಿಯೋದನ್ನು ಕಂಬಳಿ ನೇಯುವ ಊರಿನವರು ನೋಡಿಯೇ ಇರ್ತಾರೆ. ಆ ಸರಿಯೇ ಒರಟು ನೂಲಿನ ನವಿರನ್ನು ಅಂಟಿಸಿ ಮಗ್ಗದ ಎಳೆತಕ್ಕೆ ತಡೆಯುವ ಹಾಗೆ ಮಾಡೋದು. ಹೊಸ ಕಂಬಳಿ ಬಿರುಸಾಗಿರೋದು, ಮೂಗಿಗೆ ಹಿಡಿದರೆ ಒಂದು ವಾಸನೆ ಬರೋದು ಇದರಿಂದಲೂ ಹೌದು.

ರಾಟೆಯಲ್ಲೇ ಇನ್ನೊಂದು ಬಣ್ಣದ ಕೆಲಸ ಇದೆ. ಒಂದು ಕರಿ ನೂಲು, ಒಂದು ಬಿಳಿ ನೂಲು ಎರಡನ್ನೂ ಜೊತೆಗೆ ಹಿಡಿದು ಚಕ್ರವನ್ನು ಮೊದಲಿನದಕ್ಕೆ ಉಲ್ಟಾ ತಿರುಗಿಸಿದರೆ ಎರಡೂ ಸೇರಿ ಜೋಡಿ ಹುರಿ ನೂಲಾಗುತ್ತೆ. ಹಾವಿನ ಮೈ ಹಾಗೆ ಕರಿ ಬಿಳಿ ಸುತ್ತಿಕೊಂಡಿರುತ್ತೆ. ಉಲ್ಟಾ ಯಾಕೆ ಅಂದರೆ, ಬಿಡಿ ನೂಲಿನ ಹುರಿ ಬಿಚ್ಚಿಕೊಳ್ಳೋಕೆ ನೋಡುತ್ತೆ, ಜೋಡಿಯ ಹುರಿ ಅದನ್ನು ತಡೆಯುತ್ತೆ. ಎರಡೂ ಸಮ ಆದಾಗ ನೂಲು ಸುರುಳಿ ಸುತ್ತಲ್ಲ, ನೆಟ್ಟಗೆ ನಿಲ್ಲುತ್ತೆ.

ಬಣ್ಣ ಹಾಕಿಯೂ ನೂಲಬಹುದು

ಕೆಂಪು, ಹಳದಿ, ನೀಲಿ ಬೇಕು ಅಂದರೆ ಕುರಿ ಕೊಡಲ್ಲ. ಬಿಳಿ ಉಣ್ಣೆಗೆ ಬಣ್ಣ ಹಾಕಬೇಕು. ಇದಕ್ಕೆ ಬೇಕಾದ ಸಾಮಾನು ನಮ್ಮ ತಾಲ್ಲೂಕಿನಲ್ಲೇ ಬಿದ್ದಿದೆ. ಈರುಳ್ಳಿ ಮಂಡಿಯಲ್ಲಿ ಗುಡಿಸಿ ಎಸೆಯುವ ಸಿಪ್ಪೆಯಿಂದ ಹಳದಿ, ಕಿತ್ತಳೆ ಛಾಯೆ ಬರುತ್ತೆ. ಹಿರಿಯೂರು, ಹೊಸದುರ್ಗದ ಕಡೆ ಬೆಳೆಯುವ ದಾಳಿಂಬೆಯ ಸಿಪ್ಪೆಯಿಂದ ಸಾಸಿವೆ ಹಳದಿ. ಅದನ್ನೇ ತುಕ್ಕು ಕಬ್ಬಿಣ ನೆನೆಸಿದ ನೀರಿಗೆ ಅದ್ದಿದರೆ ಬೂದು ಹಸಿರು, ಇನ್ನೂ ಬಿಟ್ಟರೆ ಕಪ್ಪಿನ ಕಡೆ ಹೋಗುತ್ತೆ. ಕೆಂಪಿಗೆ ಮಂಜಿಷ್ಠ, ನೀಲಿಗೆ ನೀಲಿ ಗಿಡ. ಅರಿಶಿನ ಮೊದಲ ದಿನ ಚೆಂದ, ಆದರೆ ಬಿಸಿಲಿಗೆ ಬೇಗ ಮಾಸುತ್ತೆ. ಮಾರುವ ಮಾಲಿಗೆ ಅದನ್ನು ನಂಬಬಾರದು.

ಕ್ರಮ ಹೀಗೆ. ಮೊದಲು ಉಣ್ಣೆಯ ಜಿಡ್ಡನ್ನು ಬೆಚ್ಚಗಿನ ನೀರು, ಸೋಪಿನಲ್ಲಿ ತೆಗೆಯಬೇಕು. ಜಿಡ್ಡಿದ್ದರೆ ಬಣ್ಣ ಹತ್ತಲ್ಲ. ಆಮೇಲೆ ಪಟಿಕದ ನೀರಲ್ಲಿ ಬಿಸಿ ಮಾಡಬೇಕು. ಒಂದು ಕೆಜಿ ಒಣ ಉಣ್ಣೆಗೆ 100ರಿಂದ 150 ಗ್ರಾಂ ಪಟಿಕ ಸಾಕು. ಬಣ್ಣವನ್ನು ಎಳೆಗೆ ಕಟ್ಟಿಹಾಕೋದು ಈ ಪಟಿಕವೇ. ಆಮೇಲೆ ಸಿಪ್ಪೆ ಕುದಿಸಿ ಸೋಸಿದ ನೀರಲ್ಲಿ ಉಣ್ಣೆ ಹಾಕಿ, ಕುದಿ ಬರದ ಹಾಗೆ ಸಣ್ಣ ಉರಿಯಲ್ಲಿ ಒಂದು ಗಂಟೆ ಇಟ್ಟು, ಹಾಗೇ ಆರೋಕೆ ಬಿಡಬೇಕು. ಕೊತಕೊತ ಕುದಿಸಿದರೆ, ತಿರುವಿಹಾಕಿದರೆ, ಬಿಸಿಯಿಂದ ತಟ್ಟನೆ ತಣ್ಣೀರಿಗೆ ಹಾಕಿದರೆ ಉಣ್ಣೆ ಜಿಡೆ ಕಟ್ಟುತ್ತೆ. ಜಿಡೆ ಕಟ್ಟಿದ ಉಣ್ಣೆಯನ್ನು ಮತ್ತೆ ನೂಲೋಕೆ ಆಗಲ್ಲ. ಬಣ್ಣ ಹಾಕುವ ಪಾತ್ರೆ ಅಡುಗೆಗೆ ಬಳಸಬಾರದು.

ಹೀಗೆ ಎಳೆಗೇ ಬಣ್ಣ ಹಾಕಿ ನೂತರೆ ಲಾಭ ಏನು? ಬಣ್ಣ ಒಂದು ಕಡೆ ಗಾಢ, ಒಂದು ಕಡೆ ತೆಳು ಹತ್ತಿದ್ದರೂ ಹಿಂಜುವಾಗ ಸರಿಹೋಗುತ್ತೆ. ನೂಲಿನ ಹೊಟ್ಟೆಯೊಳಗೂ ಬಣ್ಣ ಇರುತ್ತೆ. ಎರಡು ಬಣ್ಣ ಬೆರೆಸಿ ಮೂರನೆಯದು ಮಾಡಬಹುದು. ಕಷ್ಟ ಏನು ಅಂದರೆ, ಬಣ್ಣ ಬದಲಾಯಿಸಿದಾಗೆಲ್ಲಾ ಹಿಂಜುವ ಯಂತ್ರ ಪೂರ್ತಿ ಸ್ವಚ್ಛ ಮಾಡಬೇಕು. ಇಷ್ಟೇ ಬೇಕು ಅಂತ ಮೊದಲೇ ಲೆಕ್ಕ ಹಾಕಬೇಕು. ಉಳಿದ ಬಣ್ಣದ ಉಣ್ಣೆ ಮುಂದಿನ ಆರ್ಡರಿಗೆ ಹೊಂದದೇ ಮೂಲೆ ಸೇರಬಹುದು. ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡುವವರಿಗೆ ಬಿಳಿ ನೂಲು ನೂತಿಟ್ಟುಕೊಂಡು, ಬೇಕಾದಾಗ ಲಡಿಗೆ ಬಣ್ಣ ಹಾಕೋದೇ ಸುಲಭ ಆಗೋದು ಇದಕ್ಕೆ.

ಹತ್ತಿ ಖಾದಿಯ ದಾರಿ ಬೇರೆ

ಹತ್ತಿ ಖಾದಿಯಲ್ಲಿ ಈಗ ನೂಲುವವರು ಮನೆಯಲ್ಲಿ ಹತ್ತಿ ಹಿಂಜಲ್ಲ. ಚಿತ್ರದುರ್ಗದ ಕೇಂದ್ರೀಯ ಹಂಜಿ ಘಟಕದಂಥ ಕಡೆ ಹತ್ತಿಯನ್ನು ಯಂತ್ರದಲ್ಲಿ ಸ್ವಚ್ಛ ಮಾಡಿ, ಹಿಂಜಿ, ಹಗ್ಗದ ಹಾಗೆ ಎಳೆದು ಸುರುಳಿ ಮಾಡಿ ಖಾದಿ ಸಂಸ್ಥೆಗಳಿಗೆ ಕಳಿಸುತ್ತಾರೆ. ಅದನ್ನು ಅಂಬರ ಚರಕಕ್ಕೆ ಹಾಕಿ ನೂಲುತ್ತಾರೆ. ಅಂಬರ ಚರಕ ತಮಿಳುನಾಡಿನ ಏಕಾಂಬರನಾಥ್ ಅವರು ರೂಪಿಸಿದ್ದು, ಅವರ ಹೆಸರಿನಿಂದಲೇ ಆ ಹೆಸರು. ಒಂದು ಕೈಪಿಡಿ ತಿರುಗಿಸಿದರೆ ಹಲವು ಕದಿರು ಒಟ್ಟಿಗೆ ತಿರುಗುತ್ತವೆ. ಎಂಟು ಕದಿರಿನದು ಈಗ ಸಾಮಾನ್ಯ.

ಹತ್ತಿಗೂ ಉಣ್ಣೆಗೂ ಒಂದೇ ಬಣ್ಣ ನಡೆಯಲ್ಲ ಅನ್ನೋದು ಅಂಗಡಿಯವರಿಗೆ ಗೊತ್ತಿರಲಿ. ಪ್ಯಾಕೆಟ್ ಬಣ್ಣಗಳಲ್ಲಿ ಉಣ್ಣೆಗೆ ಹುಳಿ ಹಾಕಿ ಬಿಸಿ ಮಾಡುವ ಬಗೆ ಬೇರೆ, ಹತ್ತಿಗೆ ಉಪ್ಪು, ಸೋಡಾ ಹಾಕುವ ಬಗೆ ಬೇರೆ. ಹತ್ತಿಯ ಸೋಡಾ ಉಣ್ಣೆಯನ್ನು ಹಾಳು ಮಾಡುತ್ತೆ. ಉಣ್ಣೆ ಕಂಬಳಿಯನ್ನು ಬಟ್ಟೆ ಸೋಡಾದಲ್ಲಿ ಒಗೆಯಬಾರದು ಅನ್ನೋದೂ ಇದೇ ಕಾರಣಕ್ಕೆ.

ಈಗ ಕೂಲಿಯ ಲೆಕ್ಕ

ಖಾದಿಯಲ್ಲಿ ನೂಲುವವರಿಗೆ ಕೂಲಿ ಲಡಿ ಲೆಕ್ಕದಲ್ಲಿ. ಒಂದು ಲಡಿ ಅಂದರೆ 1000 ಮೀಟರ್. 2023ರ ಏಪ್ರಿಲ್‌ನಲ್ಲಿ ಲಡಿಗೆ 7.50 ರೂ. ಇದ್ದದ್ದು 10 ರೂ. ಆಯಿತು. 2024ರ ಅಕ್ಟೋಬರ್ 2ರಿಂದ 12.50 ರೂ. ಮಾಡಿದರು. 2025ರ ಏಪ್ರಿಲ್ 1ರಿಂದ ಮತ್ತೆ ಶೇ 20 ಏರಿಸಿ 15 ರೂ. ಮಾಡಲಾಯಿತು. ಎರಡು ವರ್ಷದಲ್ಲಿ ಎರಡು ಪಟ್ಟು, ಒಪ್ಪೋಣ. ರಾಜ್ಯ ಸರ್ಕಾರದ ಪ್ರೋತ್ಸಾಹಧನ ಬೇರೆ.

ಆದರೆ ದಿನದ ಲೆಕ್ಕ ಹಾಕಿ ನೋಡಿ. ಎಂಟು ಕದಿರಿನ ಚರಕದಲ್ಲಿ ಒಬ್ಬರು ದಿನಕ್ಕೆ 20 ಲಡಿ ತೆಗೆದರು ಅಂತ ಇಟ್ಟುಕೊಂಡರೆ 300 ರೂ. ಆಯಿತು. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂ. ಇನ್ನು ಒಂದೇ ಕದಿರಿನ ಹಳೇ ರಾಟೆಯಲ್ಲಿ 1000 ಮೀಟರ್ ನೂಲೋಕೆ ಕೈ ಪಳಗಿದವರಿಗೂ ಮೂರು ಗಂಟೆ ಹಿಡಿಯುತ್ತೆ ಅಂದುಕೊಳ್ಳಿ. ಗಂಟೆಗೆ 5 ರೂ. ಬಿತ್ತು. ಎಂಟು ಗಂಟೆ ಕೂತರೆ 40 ರೂ.

ಒಂದು ಕೆಜಿ ನೂಲಲ್ಲಿ ಎಷ್ಟು ಲಡಿ ಅನ್ನೋದೇ ಖಾದಿಯಲ್ಲಿ ನೂಲಿನ ನಂಬರು. 33 ನಂಬರು ಅಂದರೆ ಕೆಜಿಗೆ 33 ಲಡಿ, ಅಂದರೆ 33 ಕಿಲೋಮೀಟರ್ ನೂಲು. ಚಳ್ಳಕೆರೆಯಿಂದ ಚಿತ್ರದುರ್ಗದ ದಾರಿ ಹಿಡಿದರೆ ಊರು ಹತ್ತಿರ ಬರುವಷ್ಟು ಉದ್ದ. ಅಷ್ಟಕ್ಕೆ ನೂಲುವ ಕೂಲಿ 495 ರೂ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಉದ್ದಕ್ಕೆ ಕೂಲಿ ಕಟ್ಟಿದರೆ ರಾಟೆ ತಿರುಗಿದ ಹೊತ್ತು ಮಾತ್ರ ಲೆಕ್ಕಕ್ಕೆ ಬರುತ್ತೆ. ಬಣ್ಣದ ನೂಲಿನ ಕೆಲಸ ಅರ್ಧಕ್ಕರ್ಧ ರಾಟೆ ಮುಟ್ಟುವ ಮುಂಚೆಯೇ ಮುಗಿದಿರುತ್ತೆ. ಉಣ್ಣೆ ಆರಿಸಿದ್ದು, ಕರಿಯಿಂದ ಕೆಂಚು ಬೇರೆ ಮಾಡಿದ್ದು, ಪಾಲು ನೋಡಿ ಬೆರೆಸಿದ್ದು, ಮೊದಲ ಲಡಿಯ ಬೂದು ಬಣ್ಣವೇ ಕೊನೆಯ ಲಡಿಗೂ ಬರುವ ಹಾಗೆ ನೋಡಿಕೊಂಡಿದ್ದು ಯಾವ ಮೀಟರಿನಲ್ಲೂ ಕಾಣಲ್ಲ. ಮನೆಯ ಹೆಂಗಸರು ನೂತು ಗಂಡಸರು ನೇಯುವ ಕಂಬಳಿ ಮನೆಗಳಲ್ಲಂತೂ ಈ ಹೊತ್ತಿಗೆ ಬೇರೆ ಬೆಲೆಯೇ ಇಲ್ಲ, ಕಂಬಳಿ ಮಾರಿದ ದುಡ್ಡಿನಲ್ಲೇ ಎಲ್ಲಾ ಬಂತು. ಹಾಗಾಗಿ ಈ ಕೆಲಸಕ್ಕೆ ಬೆಲೆ ಸಿಗಬೇಕಾದ ಜಾಗ ಅಂಗಡಿಯ ಗಲ್ಲಾ ಒಂದೇ. ಅಲ್ಲಿ ಬಣ್ಣ ಹಾಕಿದ ಮಿಲ್ ನೂಲನ್ನೂ ಕುರಿಯ ಹುಟ್ಟು ಕರಿಯನ್ನೂ "ಎರಡೂ ಕರಿ ಕಂಬಳಿ" ಅಂತ ಒಂದೇ ಹೆಸರಲ್ಲಿ ಮಾರಿದರೆ ಪೆಟ್ಟು ಬೀಳೋದು ನೂತವರಿಗೆ.

ಕರಿ ಕುರಿಯೂ ಕಡಿಮೆ ಆಗ್ತಿದೆ

ಇನ್ನೊಂದು ಕಡೆಯಿಂದಲೂ ಒತ್ತಡ ಇದೆ. ಕುರಿ ಸಾಕುವವರಿಗೆ ಈಗ ದುಡ್ಡು ಬರೋದು ಮಾಂಸದಿಂದ. ಉಣ್ಣೆ ಕಡಿಮೆ ಇರುವ, ಬೇಗ ತೂಕ ಬರುವ ಎಳಗ, ನೆಲ್ಲೂರು ತಳಿಗಳ ಕಡೆ ಜನ ಹೋಗ್ತಿದ್ದಾರೆ. ಉಣ್ಣೆ ಕತ್ತರಿಸುವ ಕೂಲಿಯೂ ಉಣ್ಣೆಯಿಂದ ಹುಟ್ಟದಿದ್ದಾಗ ಕತ್ತರಿಸಿದ್ದನ್ನು ಬೇಲಿ ಪಕ್ಕ ಎಸೆದು ಹೋಗೋದೂ ಉಂಟು. ಸಂತೆಯಲ್ಲಿ ಪಾಣಿಪತ್ತಿನ ಕಡೆಯಿಂದ ಬರುವ, ಹಳೇ ಬಟ್ಟೆ ಹಿಂಜಿ ಮಾಡಿದ ನೂಲಿನ ಹೊದಿಕೆ ಅಗ್ಗಕ್ಕೆ ಸಿಗುತ್ತೆ. ಬಡವರ ಮನೆಗೆ ಅದೂ ಬೇಕು, ಅದನ್ನು ಮಾರೋದು ತಪ್ಪಲ್ಲ. ಅದನ್ನು ಕೈನೂಲು ಅಂತ ಹೇಳಿ ಮಾರೋದು ತಪ್ಪು.

ಹತ್ತಿ ಕಡೆಯೂ ಇಂಥದ್ದೇ ಆಗಿದೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಬಟ್ಟೆಯ, ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. ಅಲ್ಲಿವರೆಗೆ ಧ್ವಜ ಅಂದರೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆ ಅಂತಲೇ ನಿಯಮ ಇತ್ತು. ಆ ಕೆಲಸವನ್ನೇ ನಂಬಿದ್ದವರ ಕೈಗೆ ಸ್ಪರ್ಧೆ ಬಂತು.

ನಮ್ಮ ಭಾಗದಲ್ಲಿ ಕಂಬಳಿ ಬರೀ ಹೊದಿಯೋಕೆ ಅಲ್ಲ. ಬೀರೇದೇವರ ಪೂಜೆಗೆ, ಕಂಬಳಿ ಗದ್ದುಗೆ ಹಾಕೋಕೆ ಕರಿ ಕಂಬಳಿಯೇ ಬೇಕು. ಕುರಿ ಕಾಯುವವರಿಗೆ ಮಳೆಯಲ್ಲಿ ಅದೇ ಕೊಪ್ಪೆ, ರಾತ್ರಿ ಅದೇ ಹಾಸಿಗೆ. ಕರಿ ಕುರಿ ಹಿಂಡಿನಲ್ಲಿ ಉಳಿಯಬೇಕು ಅಂದರೆ ಅದರ ತುಪ್ಪಟಕ್ಕೆ ರೇಟು ಸಿಗಬೇಕು. ತುಪ್ಪಟಕ್ಕೆ ರೇಟು ಸಿಗಬೇಕು ಅಂದರೆ ನೂಲುವವರಿಗೆ ಕೆಲಸ ಇರಬೇಕು.

ಕಾನೂನಿನಲ್ಲಿ ಕಂಬಳಿಯೂ ಖಾದಿ

ಖಾದಿ ಅಂದ ತಕ್ಷಣ ಬಿಳಿ ಹತ್ತಿ ಜುಬ್ಬಾ ನೆನಪಾಗುತ್ತೆ. ಆದರೆ 1956ರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕಾಯ್ದೆ ಹೇಳೋದು ಹೀಗೆ: ಭಾರತದಲ್ಲಿ ಕೈಯಿಂದ ನೂತ ಹತ್ತಿ, ರೇಷ್ಮೆ ಅಥವಾ ಉಣ್ಣೆಯ ನೂಲಿನಿಂದ, ಇಲ್ಲವೇ ಇವುಗಳ ಮಿಶ್ರಣದಿಂದ, ಭಾರತದಲ್ಲೇ ಕೈಮಗ್ಗದಲ್ಲಿ ನೇಯ್ದದ್ದು ಖಾದಿ. ಈ ಅರ್ಥದಲ್ಲಿ ನೋಡಿದರೆ ರಾಟೆಯಲ್ಲಿ ನೂತು ಗುಂಡಿ ಮಗ್ಗದಲ್ಲಿ ನೇಯ್ದ ಚಳ್ಳಕೆರೆ ಕಂಬಳಿಯೂ ಖಾದಿಯೇ.

ಹಾಗಂತ ಅಂಗಡಿಯವರು ಬೋರ್ಡ್ ಬರೆಸಿಬಿಡಬಾರದು. 2013ರ ನಿಯಮದ ಪ್ರಕಾರ ಖಾದಿ ಅಂತ ಹೆಸರಿಟ್ಟು ಮಾರಬೇಕಾದರೆ ಆಯೋಗದ ಖಾದಿ ಮಾರ್ಕ್ ಬೇಕು. ಇನ್ನು 'ಕೈಮಗ್ಗ' ಅನ್ನುವ ಗುರುತು ಬೇರೆ. ಅದರ ಅರ್ಥ ನೇಯ್ದದ್ದು ಕೈಯಲ್ಲಿ ಅಂತ ಮಾತ್ರ, ನೂಲು ಮಿಲ್ಲಿನದ್ದೇ ಇರಬಹುದು. ಖಾದಿ ಅಂದರೆ ನೂತದ್ದೂ ಕೈ, ನೇಯ್ದದ್ದೂ ಕೈ. ಕೈಮಗ್ಗದ ಗುರುತು ತೋರಿಸಿ ಯಾರಾದರೂ ಕೈನೂಲು ಅಂದರೆ ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ.

ಅಂಗಡಿಯಲ್ಲಿ ಪರೀಕ್ಷೆ ಹೇಗೆ?

ಒಂದು, ಬೆಳಕಿಗೆ ಹಿಡಿಯಿರಿ. ಕುರಿಯ ಹುಟ್ಟು ಕರಿ ಬಿಸಿಲಲ್ಲಿ ಕೆಂಚು ಮಿಂಚುತ್ತೆ, ಅಲ್ಲೊಂದು ಇಲ್ಲೊಂದು ಬಿಳಿ, ಕಂದು ಎಳೆ ಇರುತ್ತೆ. ಮೂಲೆಯಿಂದ ಮೂಲೆಗೆ ಒಂದೇ ಸಮ ಇದ್ದಿಲ ಕಪ್ಪು ಇದ್ದರೆ ಬಣ್ಣ ಹಾಕಿದ್ದು ಅಂತ ಅನುಮಾನ ಪಡಬಹುದು.

ಎರಡು, ಅಂಚಿನ ಒಂದು ನೂಲು ಎಳೆದು ಹುರಿ ಬಿಚ್ಚಿ. ಕೈನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ನೂತ ಮೇಲೆ ಬಣ್ಣ ಹಾಕಿದ ದಪ್ಪ ನೂಲಾದರೆ ಒಳಗಿನ ಎಳೆ ಸ್ವಲ್ಪ ಪೇಲವ ಕಾಣಬಹುದು. ಬಣ್ಣದ ಎಳೆಯಿಂದ ನೂತದ್ದರಲ್ಲಿ ಒಳಗೂ ಹೊರಗೂ ಒಂದೇ.

ಮೂರು, ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ಉಜ್ಜಿ. ಹುಟ್ಟು ಬಣ್ಣ ಬಿಡಲ್ಲ. ಮಣ್ಣಿನ ಕೊಳೆ ಬಂದರೆ ಗಾಬರಿ ಬೇಡ, ಕಪ್ಪು ನೀರು ಇಳಿದರೆ ಮಾತ್ರ ಯೋಚನೆ ಮಾಡಿ.

ನಾಲ್ಕು, ಎಳೆದ ಆ ಒಂದೇ ನೂಲನ್ನು ಅಂಗಡಿಯ ಹೊರಗೆ, ಮಾಲಿನಿಂದ ದೂರ ನಿಂತು ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಪಾಲಿಯೆಸ್ಟರ್, ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತೆ. ಮುಟ್ಟುವ ಮುಂಚೆ ಆರಲಿ, ಕೈ ಸುಡುತ್ತೆ.

ಈ ನಾಲ್ಕರಲ್ಲಿ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಸುಡುವ ಪರೀಕ್ಷೆ ಉಣ್ಣೆ ಹೌದೋ ಅಲ್ಲವೋ ಹೇಳುತ್ತೆ, ಕೈನೂಲು ಅಂತ ಹೇಳಲ್ಲ. ನೂಲಿನ ದಪ್ಪ ತೆಳು ಕೈನೂಲಿನ ಸುಳಿವು ಕೊಡುತ್ತೆ, ಬಣ್ಣದ ಮೂಲ ಹೇಳಲ್ಲ.

ಅಂಗಡಿಯವರಿಗೆ ಇದಕ್ಕಿಂತ ಸುಲಭದ ದಾರಿ ಇದೆ. ಮಾಲು ಕೊಳ್ಳುವಾಗಲೇ ನೇಕಾರರನ್ನು ಮೂರು ಪ್ರಶ್ನೆ ಕೇಳಿ: ನೂಲು ಕೈಯದ್ದೋ ಮಿಲ್ಲಿನದ್ದೋ? ಹಾಸು ಹೊಕ್ಕು ಎರಡೂ ಕೈನೂಲೋ, ಒಂದೇನೋ? ಬಣ್ಣ ಕುರಿಯದ್ದೋ ಹಾಕಿದ್ದೋ? ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಕಂಬಳಿಗೆ ಪಿನ್ ಮಾಡಿ. "ಕೈನೂಲು, ಕುರಿಯ ಸ್ವಂತ ಬಣ್ಣ" ಅಂತ ಇದ್ದರೆ ಅದಕ್ಕೊಂದು ರೇಟು, "ಮಿಲ್ ನೂಲು, ಬಣ್ಣ ಹಾಕಿದ್ದು" ಅಂತ ಇದ್ದರೆ ಅದಕ್ಕೊಂದು ರೇಟು. ಗಿರಾಕಿ ತಮಗೆ ಬೇಕಾದ್ದು ತಗೋತಾರೆ. ಚೀಟಿಗೆ ಖರ್ಚೇನೂ ಇಲ್ಲ. ಉಣ್ಣೆ ಆರಿಸಿದ ಕೈಗೆ ಲಡಿ ಲೆಕ್ಕದಲ್ಲಿ ಸಿಗದ ಕೂಲಿ ಆ ಚೀಟಿಯ ಬಲದ ಮೇಲೆ ಸಿಗಬಹುದು.